ಬೆಟ್ಟವೇ ಪೀಠ, ಬಾನೇ ಹಿನ್ನೆಲೆ

ಜಾವಗಲ್ಲಿನ ಲಕ್ಷ್ಮೀನರಸಿಂಹ ದೇವಾಲಯದ ಹೊರಗೋಡೆಯ ಶಿಲ್ಪಗಳನ್ನು ಹತ್ತಿರ ನಿಂತು, ಒಂದೊಂದಾಗಿ ನೋಡಬೇಕು. ಅದೇ ಹಾಸನ ಜಿಲ್ಲೆಯ ಶ್ರವಣಬೆಳಗೊಳದ ಗೊಮ್ಮಟನನ್ನು ಮೊದಲು ದೂರದಿಂದಲೇ ನೋಡಬೇಕು.

10ನೆಯ ಶತಮಾನದ ಕೊನೆಯಲ್ಲಿ ಚಾವುಂಡರಾಯ ಮಾಡಿಸಿದ, ಸುಮಾರು 58 ಅಡಿ ಎತ್ತರದ ಈ ಮೂರ್ತಿಯನ್ನು ಬೇರೆಡೆ ಕೆತ್ತಿ ತಂದು ನಿಲ್ಲಿಸಲಿಲ್ಲ. ವಿಂಧ್ಯಗಿರಿಯ ನೆತ್ತಿಯ ಬಂಡೆಯನ್ನೇ ಕಡೆದರು. ಹಿನ್ನೆಲೆಗೆ ಆಕಾಶವಷ್ಟೇ ಉಳಿಯಿತು. 12ನೆಯ ಶತಮಾನದಲ್ಲಿ ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜ ಸುತ್ತಾಲಯ ಕಟ್ಟಿಸಿದ. ಅದು ಕೆಳಭಾಗವನ್ನು ಮರೆಮಾಡಿದರೂ ತಲೆ, ಭುಜಗಳು ಬಹುದೂರಕ್ಕೆ ಕಾಣುತ್ತವೆ. ಮೆಟ್ಟಿಲು ಹತ್ತಿ ಒಳಹೊಕ್ಕವರಿಗೆ ಮಾತ್ರ ಪೂರ್ಣ ಮೂರ್ತಿ ಎದುರಾಗುತ್ತದೆ.

ಇಂದು ಪ್ರತಿಮೆ ನಿಲ್ಲಿಸುವಾಗ ಎತ್ತರದ ಮಾತೇ ಮುಂದಾಗುತ್ತದೆ. ಎಲ್ಲಿಂದ ನೋಡಬೇಕು, ಸುತ್ತ ಎಷ್ಟು ಬಯಲು ಬಿಡಬೇಕು ಎಂಬುದು ಹಿಂದೆ ಬೀಳುತ್ತದೆ. ಪ್ರವಾಸ ಹೊರಟ ಮಕ್ಕಳಿಗೆ ಹೆತ್ತವರು ಅಡಿಗಳ ಲೆಕ್ಕದ ಜೊತೆಗೆ ಆ ಬರಿಯ ಬಾನನ್ನೂ ತೋರಿಸಲಿ. ಅದೂ ಶಿಲ್ಪದ ಭಾಗವೇ.