ಮನೆಯಲ್ಲೇ ಮಾಡಿದ ಸೋಲಾರ್ ಪ್ಯಾನಲ್: ಉಳಿದದ್ದೆಷ್ಟು?

ಓಬಳಾಪುರ ಅಂದರೆ ನಮ್ಮವರಿಗೆಲ್ಲ ನೆನಪಾಗುವುದು ಗಣಿ. ಬಳ್ಳಾರಿ ಗಡಿಗೆ ತಾಗಿದ, ಆಂಧ್ರದ ಊರು. ಅಲ್ಲಿ ನಮ್ಮ ಮಾಮನದ್ದೊಂದು ಸಣ್ಣ ಚಹಾದಂಗಡಿ. ಊರಿನಿಂದ ಫೋನ್ ಮಾಡುವವರೆಲ್ಲ ಈಗ ಕೇಳುವುದು ಒಂದೇ: "ಅಂಗಡಿಗೆ ನೀವೇ ಸೋಲಾರ್ ಮಾಡಿ ಹಾಕಿದಿರಂತೆ, ನಮಗೂ ಆಗುತ್ತದಾ?" ಎಲ್ಲರಿಗೂ ಒಟ್ಟಿಗೆ ಉತ್ತರ ಕೊಡೋಣ ಅಂತ ಇದನ್ನು ಬರೆಯುತ್ತಿದ್ದೇನೆ.

ಬಿಸಿಲಿಗೆ ಅಲ್ಲಿ ಬರವಿಲ್ಲ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿ.ಮೀ.ಗಿಂತ ಹೆಚ್ಚು ಮಳೆ. ಅನಂತಪುರ ಜಿಲ್ಲೆಯಲ್ಲಿ ಸುಮಾರು 550. ದಕ್ಷಿಣಕ್ಕೆ, ಮಡಕಶಿರಾದ ಪಕ್ಕದ ಪಾವಗಡದಲ್ಲಿ ಇದೇ ಬಿಸಿಲನ್ನು ನಂಬಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಎದ್ದಿದೆ. ರೈತರು ಜಮೀನು ಮಾರಿಲ್ಲ, ಗುತ್ತಿಗೆಗೆ ಕೊಟ್ಟಿದ್ದಾರೆ.

ನಾವು ಮಾಡಿದ್ದು ಒಂದೇ ಪ್ಯಾನಲ್. ಒಂದು ಸೆಲ್ ಕೊಡುವುದು ಅರ್ಧ ವೋಲ್ಟ್. 36 ಸೆಲ್‌ಗಳನ್ನು ಸಾಲಾಗಿ ಬೆಸುಗೆ ಹಾಕಿದರೆ 18 ವೋಲ್ಟ್, 12 ವೋಲ್ಟ್ ಬ್ಯಾಟರಿ ಚಾರ್ಜ್ ಮಾಡಲು ಸಾಕು. ಸೆಲ್ ಎಂದರೆ ಪತ್ತಿರ್‌ಗಿಂತಲೂ ತೆಳು, 0.2 ಮಿ.ಮೀ. ಅಷ್ಟೇ, ಒತ್ತಿದರೆ ಒಡೆಯುತ್ತದೆ. ಮೇಲೆ ಗಟ್ಟಿ ಗಾಜು, ಸುತ್ತ ಅಲ್ಯೂಮಿನಿಯಂ ಚೌಕಟ್ಟು, ಅಂಚಿಗೆ ಸಿಲಿಕೋನ್. ಬ್ಯಾಟರಿಗೆ ಮೊದಲು ಚಾರ್ಜ್ ಕಂಟ್ರೋಲರ್, ಜೊತೆಗೆ ಫ್ಯೂಸ್. ಇವೆರಡನ್ನು ಬಿಡಲೇಬಾರದು, ಬೆಂಕಿಯ ಭಯವಿದೆ. ದಕ್ಷಿಣಕ್ಕೆ ಮುಖ ಮಾಡಿ 15 ಡಿಗ್ರಿ ಓರೆಯಾಗಿ ಕೂರಿಸಿದೆವು. ಕೆಂಪು ಧೂಳು ಕೂತರೆ ಕರೆಂಟ್ ಇಳಿಯುತ್ತದೆ, ಆದ್ದರಿಂದ ಬಿಸಿಲೇರುವ ಮುಂಚೆ ಮಾಮ ದಿನಾ ಒರೆಸುತ್ತಾರೆ.

ಇನ್ನು ಲೆಕ್ಕ. ಪ್ಯಾನಲ್ 140 ವ್ಯಾಟ್‌ನದ್ದು. ಅಂಗಡಿಯ 9 ವ್ಯಾಟ್‌ನ ಮೂರು ಬಲ್ಬ್ 5 ಗಂಟೆ, 28 ವ್ಯಾಟ್‌ನ ಒಂದು ಫ್ಯಾನ್ 10 ಗಂಟೆ ನಡೆಯುತ್ತದೆ. ತಿಂಗಳಿಗೆ ಸುಮಾರು 12 ಯೂನಿಟ್. ಯೂನಿಟ್‌ಗೆ 10 ರೂಪಾಯಿ ಅಂತ ಹಿಡಿದರೂ ಉಳಿಯುವುದು 120 ರೂಪಾಯಿ, ಐದು ವರ್ಷಕ್ಕೆ 7,200. ಪ್ಯಾನಲ್‌ಗೇ ನಮಗೆ ಐದು ಸಾವಿರ ಬಿತ್ತು. ಬ್ಯಾಟರಿ ಇನ್ವರ್ಟರ್‌ನದ್ದು, ಮೊದಲೇ ಇತ್ತು. ಆದರೆ ಅದು ಹೋದ ದಿನ ಹೊಸದಕ್ಕೆ ಹತ್ತು ಸಾವಿರ ದಾಟುತ್ತದೆ. ಮಾಮನಿಗೆ ಲಾಭವಾದದ್ದು ಬಿಲ್ಲಿನಲ್ಲಿ ಅಲ್ಲ, ಕರೆಂಟ್ ಹೋದಾಗ. "ಮೋನೇ, ಸಂಜೆ ಹೊತ್ತು ಕತ್ತಲೆಯಾದರೆ ಗಿರಾಕಿ ಮುಂದಿನ ಅಂಗಡಿಗೆ ಹೋಗುತ್ತಾನೆ" ಅನ್ನುತ್ತಾರೆ ಅವರು. ಆ ಲೆಕ್ಕ ಮೀಟರಿನಲ್ಲಿ ಕಾಣುವುದಿಲ್ಲ.

ಮಾಮನ ಮಗ ಗಲ್ಫ್‌ನಿಂದ ಬಂದವನು ಇದನ್ನು ನೋಡಿ, ಕೂಡಿಟ್ಟ ದುಡ್ಡನ್ನೆಲ್ಲ ಹಾಕಿ ಊರಿನಲ್ಲಿ ಕೈಯಿಂದ ಪ್ಯಾನಲ್ ಮಾಡಿ ಮಾರುತ್ತೇನೆ ಅಂತ ಹೊರಟಿದ್ದ. ಬೇಡ ಅಂದೆ. ಕಾರಣ ಮೂರು. ಒಂದು, ಪ್ಯಾನಲ್ ದುಬಾರಿಯಾಗಿದ್ದ ಕಾಲದಲ್ಲಿ ಮನೆಯಲ್ಲಿ ಮಾಡುವುದಕ್ಕೆ ಅರ್ಥವಿತ್ತು. ಈಗ ಕಾರ್ಖಾನೆಯ ಪ್ಯಾನಲ್‌ಗೂ ನಮ್ಮದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ, ಮೇಲಿಂದ ಅದಕ್ಕೆ 25 ವರ್ಷದ ವಾರಂಟಿ. ಎರಡು, ನಮ್ಮ ಕರಾವಳಿಯ ಮಳೆ, ಉಪ್ಪುಗಾಳಿ. ಕೈಯಿಂದ ಮುಚ್ಚಿದ ಅಂಚಿನಲ್ಲಿ ಸ್ವಲ್ಪ ತೇವ ನುಗ್ಗಿದರೂ ಬೆಸುಗೆ ಹಸಿರುಗಟ್ಟುತ್ತದೆ. ಮೂರು, 2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 1 ಕಿಲೋವ್ಯಾಟ್‌ಗೆ 30,000, ಎರಡಕ್ಕೆ 60,000, ಮೂರಕ್ಕೆ 78,000 ರೂಪಾಯಿ ಸಬ್ಸಿಡಿ ಇದೆ. ಮನೆಯಲ್ಲಿ ಮಾಡಿದ್ದಕ್ಕೆ ಅದು ಸಿಗುವುದಿಲ್ಲ, ಲೈನಿಗೆ ಜೋಡಿಸುವುದಕ್ಕೂ ಬಿಡುವುದಿಲ್ಲ. ಅದರ ಬದಲು ಪ್ಯಾನಲ್ ಕೂರಿಸುವ, ರಿಪೇರಿ ಮಾಡುವ ಕೆಲಸ ಕಲಿ ಅಂದೆ. ಈಗ ಒಬ್ಬರ ಕೈಕೆಳಗೆ ಕಲಿಯುತ್ತಿದ್ದಾನೆ. ದುಡ್ಡು ಬ್ಯಾಂಕಿನಲ್ಲೇ ಇದೆ.

ಕರ್ನಾಟಕದಲ್ಲಿರುವ ನಮ್ಮ ಮನೆಗಳಿಗೆ ಇನ್ನೊಂದು ಮಾತು. 2023ರ ಜುಲೈಯಿಂದ ಗೃಹಜ್ಯೋತಿ ಇದೆ. ನಿಮಗೆ ಸೊನ್ನೆ ಬಿಲ್ ಬರುತ್ತಿದ್ದರೆ ಸೋಲಾರ್‌ನಿಂದ ಉಳಿಸುವುದಕ್ಕೇನೂ ಇಲ್ಲ. ಬಿಲ್ ಜಾಸ್ತಿ ಬರುವ ದೊಡ್ಡ ಕುಟುಂಬವಾದರೆ ಮೊದಲು ಹಳೆಯ ಫ್ಯಾನ್, ಬಲ್ಬ್ ಬದಲಿಸಿ. ಆಮೇಲೆ ಕಾರ್ಖಾನೆಯ ಪ್ಯಾನಲ್ ಹಾಕಿಸಿ.

ಆದರೂ ಮನೆಯಲ್ಲಿ ಓದುವ ಮಕ್ಕಳಿದ್ದರೆ, ಗಂಡಾಗಲಿ ಹೆಣ್ಣಾಗಲಿ, ರಜೆಯಲ್ಲಿ ಒಂದು ಸಣ್ಣ ಪ್ಯಾನಲ್ ಮಾಡಲಿ. ನಾಲ್ಕು ಸೆಲ್, ಒಂದು ಪುಟ್ಟ ಎಲ್‌ಇಡಿ ಸಾಕು. ದೊಡ್ಡವರೊಬ್ಬರು ಹತ್ತಿರ ಕೂತಿರಿ, ಬೆಸುಗೆಯ ಕಡ್ಡಿ ಕೈ ಸುಡುತ್ತದೆ.