ಪುಕ್ಕಟೆ ಸಿನಿಮಾ, ಬಿಲ್ಲು ಲೈಬ್ರರಿಗೆ

ಅಮೆರಿಕಕ್ಕೆ ಹೊಸದಾಗಿ ಬಂದ ಗೆಳೆಯರು ಕೇಳೋ ಪ್ರಶ್ನೆಗಳಲ್ಲಿ ಇದೂ ಒಂದು: "ದುಡ್ಡೂ ಕೊಡದೆ, ಕದ್ದೂ ನೋಡದೆ, ಒಳ್ಳೇ ಸಿನಿಮಾ ಎಲ್ಲಿ ಸಿಗುತ್ತೆ ಮಾರಾಯ?" ಮೊದಲು ಹತ್ತಿರದ ಪಬ್ಲಿಕ್ ಲೈಬ್ರರಿಗೆ ಹೋಗಿ ಕಾರ್ಡ್ ಮಾಡಿಸ್ಕೋ, ಆಮೇಲೆ ಕ್ಯಾನೊಪಿ ನೋಡು, ಅಂತೀನಿ. ಲೈಬ್ರರಿ ಅಂದ ಕೂಡಲೇ ಅರ್ಧ ಜನ ಮಾತು ಬದಲಾಯಿಸ್ತಾರೆ :-) ಉಳಿದರ್ಧ ಜನಕ್ಕಾಗಿ ಈ ಬರಹ.

ಕ್ಯಾನೊಪಿ ಶುರುವಾಗಿದ್ದು 2008ರಲ್ಲಿ, ಆಸ್ಟ್ರೇಲಿಯಾದ ಪರ್ತ್‌ನಲ್ಲಿ. ಮೊದಮೊದಲು ಯೂನಿವರ್ಸಿಟಿಗಳಿಗೆ ಡಿವಿಡಿ ಮಾರುತ್ತಿದ್ದ ಕಂಪನಿ, ಆಮೇಲೆ ಸ್ಟ್ರೀಮಿಂಗ್‌ಗೆ ಇಳೀತು. 2021ರಲ್ಲಿ ಇದನ್ನ ಓವರ್‌ಡ್ರೈವ್ ಕೊಂಡುಕೊಂಡಿತು. ಲೈಬ್ರರಿ ಪುಸ್ತಕಗಳನ್ನ ಫೋನಲ್ಲಿ ಓದಿಸೋ ಲಿಬ್ಬಿ ಆಪ್ ಇದೆಯಲ್ಲ, ಅದೂ ಅವರದೇ. ಕಾರ್ಡ್ ನಂಬರ್ ಕೊಟ್ಟರೆ ಆಯ್ತು. ಜಾಹೀರಾತಿಲ್ಲ, ಕ್ರೆಡಿಟ್ ಕಾರ್ಡ್ ಕೇಳೋದಿಲ್ಲ.

ಹೊಸ ಮಸಾಲೆ ಸಿನಿಮಾ, ಕನ್ನಡ ಸಿನಿಮಾ ಹುಡುಕಿಕೊಂಡು ಇಲ್ಲಿಗೆ ಹೋಗಬೇಡಿ, ಅದಕ್ಕೆ ಬೇರೆ ಅಂಗಡಿಗಳಿವೆ. ಇದರ ನಿಜವಾದ ಆಸ್ತಿ ಡಾಕ್ಯುಮೆಂಟರಿಗಳು. ಫ್ರೆಡರಿಕ್ ವೈಸ್‌ಮನ್ ಅಂತ ಒಬ್ಬ ಪುಣ್ಯಾತ್ಮ, ಆಸ್ಪತ್ರೆ, ಶಾಲೆ, ಕೋರ್ಟು ಅಂತ ಒಂದೊಂದೇ ಸಂಸ್ಥೆಯ ಒಳಗೆ ಹೊಕ್ಕು, ಹಿನ್ನೆಲೆ ವಿವರಣೆ ಇಲ್ಲದೆ, ಸಂದರ್ಶನ ಇಲ್ಲದೆ, ಬರೀ ನೋಡ್ತಾ ಕೂತು ಸಿನಿಮಾ ಮಾಡಿದವರು. ಅವರ ಚಿತ್ರಗಳು ಹೆಚ್ಚಾಗಿ ಪಿಬಿಎಸ್ ಟಿವಿಯಲ್ಲಿ ಬಂದಾಗ ಉಂಟು, ಇಲ್ಲದಿದ್ದರೆ ಇಲ್ಲ. ಅವೆಲ್ಲ ಒಟ್ಟಿಗೆ ಕ್ಯಾನೊಪಿಗೆ ಬಂದಿದ್ದು 2018ರಲ್ಲಿ. ಇದೊಂದಕ್ಕೇ ನಾನು ಹತ್ತಕ್ಕೆ ಎಂಟು ಮಾರ್ಕ್ಸ್ ಕೊಡ್ತೀನಿ.

ಇನ್ನೆರಡು ಮಾರ್ಕ್ಸ್ ಯಾಕೆ ಕಟ್ಟು? ಲೆಕ್ಕದ ವಿಷಯ ಇದೆ.

ಇಲ್ಲಿ ತಿಂಗಳಿಗೆ ಇಷ್ಟು ಟಿಕೆಟ್ ಅಂತ ಕೊಡ್ತಾರೆ. ಎಷ್ಟು ಅಂತ ತೀರ್ಮಾನ ಮಾಡೋದು ನಿಮ್ಮ ಲೈಬ್ರರಿ. ಸಿನಿಮಾ ಹಾಕಿದಾಗ ಟಿಕೆಟ್ ಖರ್ಚು, ಮುಗಿದರೆ ಮುಂದಿನ ತಿಂಗಳ ಒಂದನೇ ತಾರೀಖಿನವರೆಗೆ ಕಾಯಬೇಕು. "ಪುಕ್ಕಟೆ ಅಂತೀರಿ, ರೇಷನ್ ಯಾಕೆ?" ಅಂತ ಎಲ್ಲರೂ ಗೊಣಗ್ತಾರೆ. ಕಾರಣ, ನಾವು ಪ್ಲೇ ಒತ್ತಿದಾಗ ಬಿಲ್ಲು ಲೈಬ್ರರಿಗೆ ಹೋಗುತ್ತೆ. ಡಿವಿಡಿ ಆದ್ರೆ ಒಂದು ಸಲ ಕೊಂಡು, ಗೀರು ಬೀಳೋ ತನಕ ನೂರು ಜನಕ್ಕೆ ಕೊಡಬಹುದು. ಸ್ಟ್ರೀಮಿಂಗಲ್ಲಿ ನೂರು ಜನ ನೋಡಿದರೆ ನೂರು ಸಲ ದುಡ್ಡು. 2019ರ ಸುಮಾರಿಗೆ ಒಂದು ಪ್ಲೇಗೆ ಹೆಚ್ಚುಕಮ್ಮಿ 2 ಡಾಲರ್ ಅಂತ ಪತ್ರಿಕೆಗಳಲ್ಲಿ ಬಂದಿತ್ತು.

ಟ್ಯೂಬಿಯ ಲೆಕ್ಕ ಇದಕ್ಕೆ ಪೂರ್ತಿ ಉಲ್ಟಾ. ಅದೂ ಪುಕ್ಕಟೆಯೇ, ಆದರೆ ಮಧ್ಯೆ ಮಧ್ಯೆ ಜಾಹೀರಾತು. ನಾವು ಎಷ್ಟು ಹೊತ್ತು ನೋಡಿದರೆ ಅವರಿಗೆ ಅಷ್ಟು ಸಂಪಾದನೆ; 2020ರಲ್ಲಿ ಫಾಕ್ಸ್‌ನವರು 440 ಮಿಲಿಯನ್ ಡಾಲರ್ ಕೊಟ್ಟು ಅದನ್ನ ಕೊಂಡಿದ್ದು ಸುಮ್ಮನೆ ಅಲ್ಲ. ಕ್ಯಾನೊಪಿಯನ್ನ ಜನ ಮೆಚ್ಚಿ ಮೆಚ್ಚಿ ನೋಡಿದಷ್ಟೂ ಅದನ್ನ ತರಿಸಿದ ಲೈಬ್ರರಿಗೆ ತೂತು!

ಇದು ಬರೀ ತರ್ಕ ಅಲ್ಲ, ಆಗಿ ಹೋದ ಕತೆ. ನ್ಯೂಯಾರ್ಕ್, ಬ್ರೂಕ್ಲಿನ್ ಮತ್ತು ಕ್ವೀನ್ಸ್ ಲೈಬ್ರರಿಗಳು ಮೂರೂ ಸೇರಿ, ಈ ಖರ್ಚು ತಡಕೊಳ್ಳೋಕಾಗಲ್ಲ ಅಂತ 2019ರ ಜುಲೈನಲ್ಲಿ ಕ್ಯಾನೊಪಿ ನಿಲ್ಲಿಸಿಬಿಟ್ಟವು. ಇದರಲ್ಲೊಂದು ತಮಾಷೆ ಕೇಳಿ. ವೈಸ್‌ಮನ್ 2017ರಲ್ಲಿ ಮಾಡಿದ 'ಎಕ್ಸ್ ಲಿಬ್ರಿಸ್' ಇರೋದೇ ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿ ಬಗ್ಗೆ. ಮೂರು ಗಂಟೆ ಹದಿನೇಳು ನಿಮಿಷದ ಸಿನಿಮಾ. ಅದರಲ್ಲಿ ಮತ್ತೆ ಮತ್ತೆ ಮೀಟಿಂಗುಗಳು: ಸರ್ಕಾರದ ದುಡ್ಡೆಷ್ಟು, ದಾನಿಗಳ ದುಡ್ಡೆಷ್ಟು, ಡಿಜಿಟಲ್‌ಗೆ ಎಷ್ಟು ಅಂತ. ಬೋರು ಅನ್ನಿಸಬೇಕಾದ ಆ ಮೀಟಿಂಗುಗಳನ್ನ ನಾನು ತುದಿಗಾಲಲ್ಲಿ ಕೂತು ನೋಡಿದೆ. ಆ ಟೇಬಲ್ಲಿನ ಸುತ್ತ ಕೂತವರ ತಲೆಬಿಸಿಗೆ ನನ್ನ ಪ್ಲೇ ಬಟನ್ನಂಥದ್ದೇ ಕಾರಣ ಅಲ್ವಾ...

ನಮ್ಮೂರಲ್ಲೂ ಆಸ್ತಿ ತೆರಿಗೆ ರಸೀದಿಯಲ್ಲಿ ಗ್ರಂಥಾಲಯ ಕರ ಅಂತ ಒಂದು ಸಾಲು ಇರುತ್ತೆ, ಕಟ್ಟಿ ಮರೆತುಬಿಡ್ತೀವಿ. ಇಲ್ಲೂ ಲೈಬ್ರರಿ ನಡೆಯೋದು ಹೆಚ್ಚಾಗಿ ಊರಿನ ತೆರಿಗೆಯಿಂದಲೇ. ಸಿನಿಮಾಗೆ ಹೋದ ಡಾಲರ್ ಮಕ್ಕಳ ಕತೆಪುಸ್ತಕಕ್ಕೆ ಹೋಗಲ್ಲ.

ಹಾಗಂತ ನೋಡಲೇಬೇಡಿ ಅಂತಲ್ಲ. ಯಾರೂ ನೋಡದಿದ್ದರೆ "ಬೇಡಿಕೆ ಇಲ್ಲ" ಅಂತ ನಿಲ್ಲಿಸ್ತಾರೆ, ಅದೂ ಕಷ್ಟ. ನಮ್ಮ ಮನೆಯಲ್ಲಿ ಒಂದು ಪದ್ಧತಿ ಮಾಡ್ಕೊಂಡಿದೀವಿ. ಬಟ್ಟೆ ಮಡಚುವಾಗ, ಸೊಪ್ಪು ಬಿಡಿಸುವಾಗ ಸದ್ದಿಗೆ ಅಂತ ಹಾಕೋದಕ್ಕೆ ಟ್ಯೂಬಿ, ಜಾಹೀರಾತಿನವರು ದುಡ್ಡು ಕೊಡಲಿ ಬಿಡಿ. ದೀಪ ಆರಿಸಿ, ಫೋನ್ ಪಕ್ಕಕ್ಕಿಟ್ಟು ಕೂರೋ ಶನಿವಾರ ರಾತ್ರಿಗೆ ಮಾತ್ರ ಕ್ಯಾನೊಪಿ. ಬೇರೆ ಕಡೆ ಸಿಗೋ ಸಿನಿಮಾಕ್ಕೆ ಟಿಕೆಟ್ ಖರ್ಚು ಮಾಡೋ ಹಾಗಿಲ್ಲ. ಮಗಳು ಇದಕ್ಕೆ ಇನ್ನೂ ಒಪ್ಪಿಲ್ಲ, ವಾದ ನಡೀತಾ ಇದೆ.