ದೂರದ ಬೆಟ್ಟ

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯನ್ನು ಕಟ್ಟಿದವರು ನಮ್ಮಂಥ ಬಯಲುಸೀಮೆಯವರೇ ಇರಬೇಕು. ದಾವಣಗೆರೆಯಲ್ಲಿ ಮಹಡಿ ಹತ್ತಿ ನಿಂತರೆ ಒಂದು ಕಾಲಕ್ಕೆ ಕಾಟನ್ ಮಿಲ್ಲುಗಳ ಚಿಮಣಿ ಕಾಣುತ್ತಿದ್ದವು, ಈಗ ಮೊಬೈಲ್ ಟವರುಗಳು ಕಾಣುತ್ತವೆ. ಹೇಳಿಕೊಳ್ಳುವಂಥ ಬೆಟ್ಟ ಮಾತ್ರ ಕಣ್ಣಿಗೆ ಬೀಳುವುದಿಲ್ಲ.

ಹಾಗೆಂದು ನಮಗೂ ಬೆಟ್ಟಕ್ಕೂ ಸಂಬಂಧವಿಲ್ಲ ಎನ್ನುವಂತಿಲ್ಲ. ಬೆಟ್ಟ ನಮ್ಮಲ್ಲಿಗೆ ನೀರಾಗಿ ಬರುತ್ತದೆ. ಹರಿಹರದ ಗುಡಿಯಲ್ಲಿ ಹರಿ, ಹರ ಇಬ್ಬರೂ ಒಂದೇ ಮೂರ್ತಿಯಲ್ಲಿ ನಿಂತಿದ್ದರೆ, ಊರ ಪಕ್ಕದ ಹೊಳೆಯಲ್ಲಿ ತುಂಗೆ, ಭದ್ರೆ ಇಬ್ಬರೂ ಒಂದೇ ನೀರಾಗಿ ಹರಿಯುತ್ತಾರೆ. ಕುದುರೆಮುಖದ ಕಡೆಯ ಗಂಗಾಮೂಲದಲ್ಲಿ ಹುಟ್ಟಿ, ಬೇರೆ ಬೇರೆ ದಾರಿ ಹಿಡಿದು, ಶಿವಮೊಗ್ಗದ ಹತ್ತಿರ ಕೂಡ್ಲಿಯಲ್ಲಿ ಕೂಡಿಕೊಂಡು ಬಂದವರು. ಮಳೆಗಾಲದಲ್ಲಿ ಸೇತುವೆಯ ಮೇಲೆ ನಿಂತು ಕೆಂಪು ನೀರನ್ನು ನೋಡುವಾಗಲೆಲ್ಲ ನಮ್ಮವರು, "ಈ ನೀರು ಎಲ್ಲಿಂದ ಬರ್ತದೋ ಅಲ್ಲಿಗೆ ಹೋಗಿ ಒಂದು ಫೋಟೋ ತೆಗೀಬೇಕು ಕಣೇ" ಎನ್ನುತ್ತಿದ್ದರು. ಕಳೆದ ದಸರಾ ರಜೆಯಲ್ಲಿ ಅದಕ್ಕೆ ಯೋಗ ಕೂಡಿ ಬಂತು.

ಅಡ್ಡಿ ಇದ್ದದ್ದು ಗುಂಡನದು. ಗುಂಡ ನಮ್ಮ ನಾಯಿ. ಜಾತಿ ಕೇಳಬೇಡಿ, ಅಪ್ಪಟ ಬೀದಿಯದು. ಅವನನ್ನು ಬಿಟ್ಟು ಹೋದರೆ ಅನ್ನ ಮುಟ್ಟುವುದಿಲ್ಲ, ಕರೆದುಕೊಂಡು ಹೋದರೆ ಲಾಡ್ಜಿನವರು ಒಳಗೆ ಸೇರಿಸುವುದಿಲ್ಲ. ಕೊನೆಗೆ ನನ್ನ ತಮ್ಮನ ಮಗ ತನ್ನ ಹಳೆಯ ಮಾರುತಿ ಓಮ್ನಿಯ ಹಿಂದಿನ ಸೀಟು ಬಿಚ್ಚಿ, ಹಾಸಿಗೆ ಹಾಸಿ, ಸಣ್ಣ ಗ್ಯಾಸ್ ಒಲೆ ಇಟ್ಟು, "ಅತ್ತೆ, ಇದೇ ನಿಮ್ಮ ಮನೆ" ಎಂದ. ಪರದೇಶದಲ್ಲಿ ಇಂಥ ಮನೆಗಾಡಿಗಳಲ್ಲೇ ತಿಂಗಳುಗಟ್ಟಲೆ ಊರೂರು ತಿರುಗುತ್ತಾರಂತೆ. ನನಗೆ ನೆನಪಾದದ್ದು ನಮ್ಮಜ್ಜನ ಕಮಾನು ಗಾಡಿ. ಜಾತ್ರೆಗೆ ಹೊರಟರೆ ಒಳಗೆ ಅಕ್ಕಿ, ಬೇಳೆ, ಹಾಸಿಗೆ. ಕೆಳಗೆ ಅಚ್ಚಿನ ನೆರಳಿನಲ್ಲಿ ನಾಯಿ. ಆಗ ನಾಯಿ ಗಾಡಿಯ ಕೆಳಗಿತ್ತು, ಈಗ ಹಾಸಿಗೆಯ ಮೇಲಿದೆ, ಅಷ್ಟೇ ವ್ಯತ್ಯಾಸ.

ಹರಿಹರ ದಾಟಿ, ಹೊನ್ನಾಳಿ, ಶಿವಮೊಗ್ಗದ ಮೇಲೆ ತೀರ್ಥಹಳ್ಳಿಯ ಹಾದಿ ಹಿಡಿದೆವು. ಗದ್ದೆ ಹೋಗಿ ತೋಟ ಬಂತು, ತೋಟ ಹೋಗಿ ಕಾಡು ಬಂತು. ಊರಿನಿಂದ ಡಬ್ಬಿ ತುಂಬ ತಂದಿದ್ದ ಖಾರ ಮಂಡಕ್ಕಿ ಮಲೆನಾಡಿನ ಗಾಳಿ ತಗುಲಿದ್ದೇ ತಡ ಮೆತ್ತಗಾಗಿ ಹೋಯಿತು. ಗುಂಡ ಕಿಟಕಿಯಾಚೆ ಮೂಗು ಚಾಚಿ ಕೂತವನು ಶೃಂಗೇರಿ ಬರುವವರೆಗೂ ಒಳಗೆ ತೆಗೆಯಲಿಲ್ಲ. ಗಾಡಿ ನಿಲ್ಲಿಸಿದಲ್ಲೆಲ್ಲ ಅವನ ಕಾಲ್ಬೆರಳ ಸಂದಿಯಿಂದ ಉಂಬಳ ಕೀಳುವ ಕೆಲಸ ನನ್ನದಾಯಿತು.

ಮುಂದಿನ ದಾರಿ ಕುದುರೆಮುಖ ರಾಷ್ಟ್ರೀಯ ಉದ್ಯಾನದ್ದು. 1987ರಲ್ಲಿ ಘೋಷಣೆಯಾದ, ಸುಮಾರು 600 ಚದರ ಕಿಲೋಮೀಟರಿನ ಕಾಡು. ಅದರೊಳಗೆ ಸಾಕುನಾಯಿಯನ್ನು ತಿರುಗಾಡಿಸುವಂತಿಲ್ಲ. "ರಗ್ಗು ಹೊದಿಸಿ ಮಲಗಿಸಿದರೆ ಯಾರಿಗೆ ಗೊತ್ತಾಗ್ತದೆ ಅತ್ತೆ? ಇಂಜೆಕ್ಷನ್ ಎಲ್ಲಾ ಹಾಕಿಸಿದ್ದೀರಲ್ಲ" ಎಂದ ಹುಡುಗ. ನಮ್ಮವರೂ ಅರ್ಧ ಮನಸ್ಸಿನಿಂದ ನನ್ನ ಮುಖ ನೋಡಿದರು. ನಾನು ಒಪ್ಪಲಿಲ್ಲ.

ಕಾರಣವಿತ್ತು. 1994ರಲ್ಲಿ ಆಫ್ರಿಕಾದ ಸೆರೆಂಗೆಟಿಯಲ್ಲಿ ಸುಮಾರು ಸಾವಿರ ಸಿಂಹಗಳು ಡಿಸ್ಟೆಂಪರ್ ಎಂಬ ನಾಯಿಗಳ ರೋಗದಿಂದ ಸತ್ತವು. ಸುತ್ತಲ ಹಳ್ಳಿಗಳ ನಾಯಿಗಳಿಂದ ಬಂದ ರೋಗವದು ಎಂದು ವಿಜ್ಞಾನಿಗಳು ಹೇಳಿದರು. 2018ರಲ್ಲಿ ನಮ್ಮ ಗುಜರಾತಿನ ಗಿರ್ ಕಾಡಿನಲ್ಲಿ 20ಕ್ಕೂ ಹೆಚ್ಚು ಸಿಂಹಗಳು ಸತ್ತಾಗಲೂ ಅದೇ ರೋಗದ ವೈರಸ್ ಸಿಕ್ಕಿತು. ಘಟ್ಟದ ಕಾಡಿನಲ್ಲಿರುವ ಸೀಳುನಾಯಿಗಳಂತೂ ಗುಂಡನ ದಾಯಾದಿಗಳೇ. ಅವಕ್ಕೆ ಇಂಜೆಕ್ಷನ್ ಹಾಕುವವರು ಯಾರು? ನಮ್ಮ ನಾಯಿ ಚಿನ್ನದಂಥದ್ದು, ನಿಜ. ಆದರೆ ಪ್ರತಿಯೊಬ್ಬರ ನಾಯಿಯೂ ಅವರವರಿಗೆ ಚಿನ್ನವೇ. ಮೂವತ್ತು ವರ್ಷ ಮಕ್ಕಳಿಗೆ ಸಾಲಾಗಿ ನಿಲ್ಲಿ ಎಂದು ಹೇಳಿದವಳಿಗೆ ಈ ಲೆಕ್ಕ ಕಷ್ಟವಲ್ಲ.

ಕಡೆಗೆ ಅವರಿಬ್ಬರು ಕ್ಯಾಮೆರಾ ಹಿಡಿದು ಬಸ್ಸು ಹತ್ತಿದರು. ನಾನು, ಗುಂಡ ಪರಿಚಯದವರೊಬ್ಬರ ಅಡಿಕೆ ತೋಟದ ಅಂಗಳದಲ್ಲಿ ಓಮ್ನಿಯೊಂದಿಗೆ ಉಳಿದೆವು. ಬೇಸರವಾಗಲಿಲ್ಲವೇ ಅಂದರೆ, ಆಯಿತು. ಹೊಳೆಯ ಮೂಲ ನೋಡುವ ಆಸೆ ನನಗೂ ಇತ್ತಲ್ಲ. ಪಶ್ಚಿಮದ ಬೆಟ್ಟಸಾಲಿಗೆ ಮಂಜು ಹತ್ತಿ ಇಳಿಯುವುದನ್ನು ನೋಡುತ್ತ ಕೂತೆ. ಆ ಸಾಲಿನಾಚೆಯ ಕುದುರೆಮುಖದಲ್ಲೇ ಅಲ್ಲವೇ, 1976ರಲ್ಲಿ ಹುಟ್ಟಿದ ಕಂಪೆನಿ ಬೆಟ್ಟ ಅಗೆದು, ಅದಿರನ್ನು ನೀರಿನಲ್ಲಿ ಕಲಸಿ, ಕೊಳವೆಯಲ್ಲಿ ಮಂಗಳೂರಿಗೆ ಇಳಿಸಿದ್ದು? ಭದ್ರೆಯ ನೀರಿಗೆ ಗಣಿಯ ಹೂಳು ಸೇರುತ್ತದೆಂದು ಜನ ವರ್ಷಗಟ್ಟಲೆ ಕೂಗಿದರು. 2002ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂತು, 2005ರ ಕೊನೆಗೆ ಗಣಿ ನಿಂತಿತು. ಹರಿಹರದ ಸೇತುವೆಯ ಮೇಲೆ ನಿಂತು ನೀರು ನೋಡುವ ನಮಗೆ ಇದೆಲ್ಲ ಎಷ್ಟು ಗೊತ್ತಿತ್ತು?

ಸಂಜೆ ಇಬ್ಬರೂ ತೊಯ್ದು ತೊಪ್ಪೆಯಾಗಿ ಬಂದರು. ತೆಗೆದ ಫೋಟೋಗಳಲ್ಲೆಲ್ಲ ಬರೀ ಬಿಳಿ ಮಂಜು. ನಮ್ಮವರ ಮುಖ ನೋಡಲಾಗಲಿಲ್ಲ. ಮರುದಿನ ಬೆಳಿಗ್ಗೆ ಆರೂವರೆಗೆ ಆಕಾಶ ತಿಳಿಯಾಯಿತು. ಬೆಟ್ಟಸಾಲು ತೊಳೆದಿಟ್ಟ ಹಾಗೆ ಹಸಿರಾಗಿ ನಿಂತಿತು. ಅವರು ಹಲ್ಲುಜ್ಜುತ್ತಿದ್ದವರು ಓಡಿ ಬಂದು, ಅಂಗಳದಿಂದಲೇ ಒಂದು ಫೋಟೋ ಹೊಡೆದರು. ಅದೊಂದೇ ಚೆನ್ನಾಗಿ ಬಂದದ್ದು. ಅದರ ಮೂಲೆಯಲ್ಲಿ ಗುಂಡನ ಒಂದು ಕಿವಿ ಮಸುಕಾಗಿ ಬಿದ್ದಿದೆ.

ಶಾಲೆ ಶುರುವಾದ ಮೇಲೆ ಆ ಫೋಟೋವನ್ನು ಏಳನೇ ಕ್ಲಾಸಿಗೆ ಒಯ್ದೆ. ಮಕ್ಕಳು ಬೆಟ್ಟ ಬಿಟ್ಟು ಕಿವಿಯನ್ನೇ ಹಿಡಿದುಕೊಂಡರು. ಒಬ್ಬಳು ಎದ್ದು ನಿಂತು, "ಟೀಚರ್, ಇನ್ನೂ ಹತ್ತಿರ ಹೋಗಿ ಯಾಕೆ ತೆಗೀಲಿಲ್ಲ?" ಎಂದಳು. ನಾಯಿಯ ಕತೆ, ಸಿಂಹದ ಕತೆ, ಗಣಿಯ ಕತೆ ಎಲ್ಲಾ ಹೇಳುವಷ್ಟರಲ್ಲಿ ಬೆಲ್ಲಾಯಿತು. ದೂರದ ಬೆಟ್ಟ ನುಣ್ಣಗೆ ಎಂದರೆ ಮೋಸ ಹೋಗಬೇಡ ಎಂದು ಇಷ್ಟು ವರ್ಷ ಪಾಠ ಮಾಡಿದ್ದೆ. ಈ ಸಲ ಇನ್ನೊಂದು ಅರ್ಥವನ್ನೂ ಬೋರ್ಡಿನ ಮೇಲೆ ಬರೆಸಿದೆ: ಬೆಟ್ಟವನ್ನು ದೂರದಲ್ಲೇ ಇರಗೊಟ್ಟರೆ ಅದು ನುಣ್ಣಗೆ ಉಳಿಯುತ್ತದೆ, ನಮ್ಮ ಹೊಳೆಗೂ ನೀರು ಕೊಡುತ್ತದೆ.